ಒಂದು ಸೊನ್ನೆ ಹೆಚ್ಚಾದ ಪುಷ್ಟಿಹಿಟ್ಟು

ತನ್ನ ಅಂಗಡಿಯ ಸಾಮಾನನ್ನು ತಾನೇ ಬೈದುಕೊಂಡು ಮಾರುವ ವ್ಯಾಪಾರಿಯನ್ನು ನೀವು ಕಂಡಿದ್ದೀರಾ? ಕಂಡಿರಲಾರಿರಿ. ಏಕೆಂದರೆ ಈ ಭೂಮಂಡಲದಲ್ಲಿ ಅಂಥವರು ಒಬ್ಬರೇ ಇದ್ದರು. ಅವರು ಗುಬ್ಬಿಯಲ್ಲಿದ್ದರು. ಮತ್ತು ನಮ್ಮ ಹಿರಿಯರು ಹಿಂದುಮುಂದು ವಿಚಾರಿಸದೆ ಅವರಿಗೆ ನಮ್ಮ ಅಕ್ಕನನ್ನು ಕೊಟ್ಟುಬಿಟ್ಟಿದ್ದರು!

ಗುಬ್ಬಿಯ ಪೇಟೆಬೀದಿಯಲ್ಲಿ ನಮ್ಮ ಭಾವನವರದೊಂದು ಹಿಟ್ಟಿನ ಮಿಷನ್ನು ಇತ್ತು. ಎಪ್ಪತ್ತರ ದಶಕದ ಮಾತು. ಯಾರಾದರೂ ರಾಗಿ ಬೀಸಿಸಲು ಬಂದರೆ ಭಾವ ಮೊದಲು ಒಂದು ಹಿಡಿ ಕೈಗೆ ತೆಗೆದುಕೊಂಡು, ಬಾಗಿಲ ಬೆಳಕಿಗೆ ಹೋಗಿ, ಕನ್ನಡಕವನ್ನು ಹಣೆಗೇರಿಸಿ ಪರೀಕ್ಷಿಸುತ್ತಿದ್ದರು.

"ಏನಮ್ಮಾ, ರಾಗಿ ಬೀಸಬೇಕೋ ಜಲ್ಲಿ ಬೀಸಬೇಕೋ?"

"ಇದೇನ್ ಸ್ವಾಮಿ ಇಂಗಂತೀರಾ? ರಾಗೀನೇಯಾ."

"ಹಾಗಾದ್ರೆ ಮನೆಗೆ ಹೋಗಿ ಕೇರ್ಕೊಂಡು ಬಾ. ಕಲ್ಲಿನ ಪುಡೀನ ರಾಗಿಹಿಟ್ಟು ಅಂತ ಕೈಗೆ ಕೊಡೋಕೆ ನನ್ನಿಂದ ಆಗಲ್ಲ."

ಆಕೆ ಮನೆಗೆ ಹೋಗುತ್ತಿರಲಿಲ್ಲ. ಬೀದಿ ದಾಟಿ ಎದುರಿನ ಮಿಷನ್ನಿಗೆ ಹೋಗುತ್ತಿದ್ದಳು. ಎದುರಿನವನು ಮೂರು ವರ್ಷದಲ್ಲಿ ಮಹಡಿ ಕಟ್ಟಿಸಿದ. ಗೃಹಪ್ರವೇಶಕ್ಕೆ ನಮ್ಮ ಭಾವನನ್ನೇ ಎಲ್ಲರಿಗಿಂತ ಮೊದಲು ಕರೆದ. ಕರೆಯದೆ ಇನ್ನೇನು? ಅಡಿಪಾಯದಿಂದ ತಾರಸಿಯವರೆಗೆ ಇವರು ಕಳಿಸಿಕೊಟ್ಟ ಗಿರಾಕಿಗಳೇ!

ಇಂಥವರು ಪುಷ್ಟಿಹಿಟ್ಟಿನ ವ್ಯಾಪಾರಕ್ಕೆ ಇಳಿದದ್ದು ತುಮಕೂರಿನ ಉಸ್ತಾದರಿಂದ. ಅವರು ಭಾವನ ಬಾಲ್ಯದ ಗೆಳೆಯರು, ತುಮಕೂರಿನಲ್ಲಿ ಗರಡಿ ನಡೆಸಿ ಹುಡುಗರನ್ನು ಕುಸ್ತಿಗೆ ತಯಾರು ಮಾಡುತ್ತಿದ್ದವರು. ಒಂದು ಭಾನುವಾರ ಕಂಕುಳಲ್ಲಿ ಹೊಳೆಯುವ ಡಬ್ಬವೊಂದನ್ನು ಇಟ್ಟುಕೊಂಡು ಬಂದರು. ಡಬ್ಬದ ಮೇಲೆ ಒಂದು ಕೈಯಲ್ಲಿ ಸಿಂಹವನ್ನೂ ಇನ್ನೊಂದು ಕೈಯಲ್ಲಿ ಲೋಟವನ್ನೂ ಹಿಡಿದ ಪೈಲ್ವಾನನ ಚಿತ್ರ. ಕೆಳಗೆ 'ಶುದ್ಧ ಪ್ರೋಟೀನ್' ಎಂದು ಬರೆದಿತ್ತು. ತಯಾರಿಸಿದ ಊರು ಯಾವುದೆಂದು ಮಾತ್ರ ಎಲ್ಲೂ ಇರಲಿಲ್ಲ.

"ಆರು ತಿಂಗಳಾಯ್ತಪ್ಪಾ ಇದನ್ನ ಕುಡೀತಾ. ಡಬ್ಬದ ಮೇಲಿನೋನು ಹಂಗೇ ಅವನೆ, ನಾನೂ ಹಂಗೇ ಇದೀನಿ" ಎಂದರು ಉಸ್ತಾದರು.

ಭಾವ ಒಂದು ಚಮಚ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ, ಆರಿಸಿ, ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ನನ್ನು ಎರಡು ಹನಿ ಬಿಟ್ಟರು. ಲೋಟದ ತುಂಬ ಮಸಿ! ಅಷ್ಟು ಗಾಢವಾದ ನೀಲಿಯನ್ನು ನಾನು ನಮ್ಮ ಶಾಲೆಯ ಮಸಿಕುಡಿಕೆಯಲ್ಲೂ ಕಂಡಿರಲಿಲ್ಲ.

"ಮೈದಾ. ಸಕ್ಕರೆ ಬೆರೆಸಿದ ಮೈದಾ" ಎಂದು ಭಾವ ತೀರ್ಪು ಕೊಟ್ಟರು.

ಉಸ್ತಾದರು ಲೋಟವನ್ನೆತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಅಂದ್ರೆ ಗೋಡೆಗೆ ಸಿನಿಮಾ ಪೋಸ್ಟರ್ ಅಂಟಿಸೋ ಅಂಟು ಅಲ್ವಾ ಇದು? ಆರು ತಿಂಗಳು ನಾನು ಅಂಟು ಕುಡಿದ್ನಾ?"

"ಸಕ್ಕರೆ ಇತ್ತಲ್ಲ. ಸಮಾಧಾನ ಮಾಡ್ಕೋ" ಎಂದರು ಭಾವ.

ಆ ಕ್ಷಣದಲ್ಲಿ ಭಾವನ ಕಣ್ಣಿನಲ್ಲಿ ಒಂದು ಬೆಳಕು ಹೊತ್ತಿದ್ದನ್ನು ನಾನು ಕಂಡೆ. ಅದು ಹೊತ್ತಿದಾಗಲೆಲ್ಲ ನಮ್ಮ ಅಕ್ಕ ಸಾಸಿವೆ ಡಬ್ಬದಲ್ಲಿ ಬಚ್ಚಿಟ್ಟ ದುಡ್ಡನ್ನು ಎಣಿಸಲು ಹೋಗುತ್ತಿದ್ದಳು. "ನಾನೇ ಒಂದು ಡಬ್ಬ ಮಾಡ್ತೀನಿ. ಒಳಗೇನಿದೆಯೋ ಹೊರಗೂ ಅದೇ ಬರೀತೀನಿ" ಎಂದರು. ಕೇಳಲು ಎಷ್ಟು ಸುಲಭ!

ಹುರಿದ ರಾಗಿ, ಹುರಿಗಡಲೆ, ಹೆಸರುಕಾಳು, ಕಡಲೆಕಾಯಿ ಬೀಜ. ಅಕ್ಕನೇ ಹುರಿದಳು, ಭಾವ ಬೀಸಿದರು. ನಿಜ ಹೇಳಬೇಕೆಂದರೆ ಅಂಥ ಹಿಟ್ಟನ್ನು ನಾನು ಮತ್ತೆ ತಿಂದಿಲ್ಲ. ಬೆಲ್ಲ, ತುಪ್ಪ ಹಾಕಿ ಕಲಸಿದರೆ ಪರಿಮಳ ಬೀದಿಯ ಕೊನೆಗೆ ಹೋಗುತ್ತಿತ್ತು. ಆದರೆ ಭಾವ ತಮ್ಮ ಹಿಟ್ಟಿಗೂ ಅದೇ ಟಿಂಚರಿನ ಶಿಕ್ಷೆ ಕೊಟ್ಟರು. ಅದೂ ಮಸಿಯಾಯಿತು! ರಾಗಿಯಲ್ಲಿ ಪಿಷ್ಟವಿರದೆ ಇನ್ನೇನಿರುತ್ತದೆ? ಬೇರೆ ಯಾರಾದರೂ ಆಗಿದ್ದರೆ ಲೋಟವನ್ನು ಹಿತ್ತಲಿಗೆ ಚೆಲ್ಲಿ ಬರುತ್ತಿದ್ದರು. ಭಾವ ಕೂತು ಡಬ್ಬದ ಮೇಲಿನ ಚೀಟಿಯ ಒಕ್ಕಣೆ ಬರೆದರು:

'ಪುಷ್ಟಿಹಿಟ್ಟು. ಪ್ರೋಟೀನ್ ಸಾಕಷ್ಟಿದೆ. ಪಿಷ್ಟವೂ ಬೇಕಾದಷ್ಟಿದೆ. ಕಡಲೆಕಾಯಿ ಬೀಜದ ಬೆಲೆ ಏರಿದ ತಿಂಗಳು ಅದನ್ನು ಕಡಿಮೆ ಹಾಕಲಾಗುವುದು, ಹಾಗೆಂದು ತಿಳಿಸಲಾಗುವುದು. ಇದನ್ನು ತಿಂದು ಸುಮ್ಮನೆ ಕೂತರೆ ಬೊಜ್ಜು ಬರುತ್ತದೆ. ಮನೆಯಲ್ಲೇ ಮಾಡಿಕೊಳ್ಳುವ ಪುರುಸೊತ್ತು ಇದ್ದವರು ಕೊಳ್ಳಬೇಕಾಗಿಲ್ಲ.'

ಚಿತ್ರ ಯಾರದು? ಪೈಲ್ವಾನನದು ಹಾಕಿದರೆ ಅವನು ನಮ್ಮ ಹಿಟ್ಟು ತಿಂದವನಲ್ಲ, ಆದ್ದರಿಂದ ಸುಳ್ಳಾಯಿತು. ದಿನವೂ ತಿನ್ನುವವರು ಭಾವ ಒಬ್ಬರೇ. ಹೀಗಾಗಿ ಅವರದೇ ಚಿತ್ರ: ಕಡ್ಡಿಯಂಥ ಕತ್ತು, ಕನ್ನಡಕ, ಒಳಕ್ಕೆ ಹೋದ ಕೆನ್ನೆ.

"ರೀ, ಈ ಪಟ ನೋಡಿದ್ರೆ ಜನ ಇದನ್ನ ಮೈ ಇಳಿಸೋ ಪುಡಿ ಅಂದ್ಕೋತಾರೆ" ಎಂದಳು ಅಕ್ಕ.

"ಇಳಿಸಿಲ್ಲ, ಏರಿಸೂ ಇಲ್ಲ. ಇದ್ದ ಹಾಗೆ ಇಟ್ಟಿದೆ. ಅದು ನಿಜ ತಾನೆ?"

ಇಲ್ಲಿ ನನ್ನ ಪಾಪದ ಪ್ರವೇಶವಾಗುತ್ತದೆ. ನಾನಾಗ ತುಮಕೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಪಂಡಿತ. ಒಕ್ಕಣೆಯಲ್ಲಿ 'ಪ್ರೋಟೀನ್ ಸಾಕಷ್ಟಿದೆ' ಎಂಬ ಸಾಲು ಕಂಡು ನನ್ನೊಳಗಿನ ಪಂಡಿತ ಎದ್ದು ಕೂತ. "ಭಾವ, ಗುಬ್ಬಿಯ ಹಿಟ್ಟಿಗೆ ಇಂಗ್ಲಿಷ್ ಏಕೆ? ಪಠ್ಯಪುಸ್ತಕದಲ್ಲಿ ಒಳ್ಳೆಯ ಕನ್ನಡ ಪದವಿದೆ: ಸಸಾರಜನಕ!"

"ಸಸಾರ ಅಂದ್ರೆ ತಾತ್ಸಾರ ಅಲ್ವೇನಯ್ಯಾ ಪಂಡಿತ? ಜನಕ್ಕೆ ನನ್ನ ಹಿಟ್ಟಿನ ಮೇಲೆ ಇರೋ ತಾತ್ಸಾರ ಸಾಲದಾ?"

"ಹಾಗಲ್ಲ ಭಾವ. ಸಾರಜನಕದಿಂದ ಕೂಡಿದ್ದು ಸಸಾರಜನಕ" ಎಂದು ನಾನು ಸಮಾಸ ಬಿಡಿಸಿ ವಿವರಿಸಿದೆ. ಭಾವನಿಗೆ ನನ್ನ ವಿದ್ವತ್ತಿನಲ್ಲಿ ನಂಬಿಕೆ ಇತ್ತು. ಅವರು ಜೀವನದಲ್ಲಿ ಪರೀಕ್ಷೆ ಮಾಡದೆ ನಂಬಿದ ವಸ್ತು ಅದೊಂದೇ.

ತುಮಕೂರಿನ ಮುದ್ರಣಾಲಯಕ್ಕೆ ನಾನೇ ಒಕ್ಕಣೆ ಒಯ್ದೆ. ಕರಡು ತಿದ್ದಿದವನೂ ನಾನೇ. ಆವತ್ತು ಮಧ್ಯಾಹ್ನದ ಊಟ ಸ್ವಲ್ಪ ಭಾರಿಯಾಗಿತ್ತು ಎಂಬುದನ್ನು ಬಿಟ್ಟರೆ ನನ್ನ ಪರವಾಗಿ ಹೇಳಲು ಏನೂ ಇಲ್ಲ. ಮೊಳೆ ಜೋಡಿಸುವ ಪುಣ್ಯಾತ್ಮ 'ಸಸಾರಜನಕ' ಎಂಬ ಪದವನ್ನು ಹುಟ್ಟಿದಾರಭ್ಯ ಕೇಳಿದವನಲ್ಲ. ಬರೆದವರು ಒಂದು ಸೊನ್ನೆ ಮರೆತಿದ್ದಾರೆಂದು ಕನಿಕರಪಟ್ಟು, ತಾನೇ ಒಂದು ಸೊನ್ನೆ ದಾನ ಮಾಡಿಬಿಟ್ಟಿದ್ದ. ಡಬ್ಬಗಳು ಅಂಗಡಿ ಸೇರಿದವು. ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: 'ಸಂಸಾರಜನಕ ಸಾಕಷ್ಟಿದೆ.'

ನಮಗೆ ಯಾರಿಗೂ ಕಾಣಲಿಲ್ಲ. ಊರಿಗೆಲ್ಲ ಕಂಡಿತು.

ಹಿಟ್ಟು ಹಾರಿಹೋಯಿತು ಎಂದರೆ ನಂಬಿ! ಗುಬ್ಬಿ, ತುಮಕೂರು, ಬೆಳ್ಳಾವಿ, ಕುಣಿಗಲ್ ಎಲ್ಲ ಕಡೆಯಿಂದ ಬೇಡಿಕೆ. ಆದರೆ ಬರುವವರಲ್ಲಿ ಪೈಲ್ವಾನರೇ ಇಲ್ಲ! ಹೊಸದಾಗಿ ಮದುವೆಯಾದವರು ಬಂದು, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಸಮಯ ನೋಡಿ, ಡಬ್ಬವನ್ನು ಸೆರಗಿನಲ್ಲೋ ಟವಲ್ಲಿನಲ್ಲೋ ಸುತ್ತಿಕೊಂಡು ಹೋಗುವರು. ವಯಸ್ಸಾದ ಹೆಂಗಸರು ಬಂದು ಡಬ್ಬವನ್ನು ಕಣ್ಣಿಗೊತ್ತಿಕೊಳ್ಳುವರು.

"ನೋಡಿದ್ಯಾ ಪಂಡಿತ? ಸತ್ಯಕ್ಕೂ ಗಿರಾಕಿ ಇದಾರೆ. ಸ್ವಲ್ಪ ಕಾಯ್ಬೇಕು ಅಷ್ಟೆ" ಎಂದು ಭಾವ ಕನ್ನಡಕ ತೆಗೆದು ಒರೆಸಿಕೊಂಡರು.

ಒಂದು ದಿನ ಮುದುಕಿಯೊಬ್ಬಳು ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿ ಅಕ್ಕನನ್ನು ಕೇಳಿದಳು: "ಏನವ್ವಾ, ಗಂಡುಮಗೀಗೆ ಬ್ಯಾರೆ ಡಬ್ಬ ಐತಾ, ಎಲ್ಡಕ್ಕೂ ಇದೇನಾ?"

ಅಕ್ಕ ಡಬ್ಬವನ್ನು ಕಿತ್ತುಕೊಂಡು ಓದಿದಳು. ಒಂದೊಂದೇ ಅಕ್ಷರ ಬೆರಳಿಟ್ಟು ಓದಿದಳು. ಆಮೇಲೆ ಮಿಷನ್ನಿನ ಬೆಲ್ಟು ತಾನೇ ಕಳಚಿ ಕೂಗಿದಳು: "ರೀ! ಇಲ್ಲಿ ಬನ್ರೀ! ನೀವು ಏನು ಮಾರ್ತಾ ಇದೀರಿ ಗೊತ್ತಾ?"

ಭಾವನ ಮುಖವನ್ನು ಆವತ್ತು ನೋಡಬೇಕಿತ್ತು. ಕಣ್ಣೆದುರು ಕೊಲೆ ಕಂಡವರೂ ಅಷ್ಟು ಬಿಳಿಚಿಕೊಳ್ಳುವುದಿಲ್ಲ. ಸುದ್ದಿ ತಿಳಿದು ನಾನು ತುಮಕೂರಿನಿಂದ ಓಡಿ ಬರುವಷ್ಟರಲ್ಲಿ, ಅವರು ಅಂಗಡಿಯಲ್ಲಿದ್ದ ಡಬ್ಬಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಗಡ್ಡ ಹೆರೆಯುವ ಬ್ಲೇಡಿನಿಂದ ಒಂದೊಂದೇ ಸೊನ್ನೆ ಕೆರೆಯುತ್ತಿದ್ದರು. ನನ್ನನ್ನು ಬೈಯಲಿಲ್ಲ. ಇನ್ನೊಂದು ಬ್ಲೇಡನ್ನು ಮುಂದಕ್ಕೆ ಚಾಚಿದರು. ಬೈದಿದ್ದರೆ ಎಷ್ಟೋ ಹಿತವಾಗಿತ್ತು!

ಗುಬ್ಬಿ ಮುಗಿಸಿ ಬೆಳ್ಳಾವಿಗೆ ಹೋದೆವು, ಬೆಳ್ಳಾವಿ ಮುಗಿಸಿ ಕುಣಿಗಲ್ಲಿಗೆ. ಬಸ್ಸಿನಲ್ಲಿ ಪಕ್ಕದವನ ಚೀಲದಲ್ಲಿ ನಮ್ಮ ಡಬ್ಬ ಇಣುಕುತ್ತಿತ್ತು. ಭಾವ ಬ್ಲೇಡು ತೆಗೆದು "ಸ್ವಲ್ಪ ಈ ಕಡೆ ತಿರುಗಿಸ್ತೀರಾ?" ಎಂದರು. ಆ ಮನುಷ್ಯ ಕಿರುಚಿದ ರಭಸಕ್ಕೆ ಡ್ರೈವರು ಬಸ್ಸು ನಿಲ್ಲಿಸಿದ!

ಕುಣಿಗಲ್ಲಿನಲ್ಲಿ ನಮ್ಮ ಡಬ್ಬ ಮಾರುತ್ತಿದ್ದ ಅಂಗಡಿಯವರು ನಗುತ್ತಾ ಕೂತಿದ್ದರು. "ಇರ್ಲಿ ಬುಡಿ ಸ್ವಾಮಿ. ಹೋಗಿ ಹೋಗಿ ಒಂದು ಸೊನ್ನೆ ತಾನೆ? ಸೊನ್ನೆಗೆ ಏನು ಬೆಲೆ?"

"ಅದು ಎಲ್ಲಿ ಕೂತಿದೆ ಅನ್ನೋದರ ಮೇಲೆ" ಎಂದರು ಭಾವ, ಕೆರೆಯುತ್ತಲೇ.

ಅಂಗಡಿಯವರ ನಗು ನಿಂತಿತು. "ಆಯ್ತು, ಕೆರ್ಕೊಳ್ಳಿ. ಆದ್ರೆ ಹುತ್ರಿದುರ್ಗದ ಆ ಹೆಣ್ಣುಮಗಳಿಗೆ ಮಾತ್ರ ಹೇಳೋಕೆ ಹೋಗ್ಬೇಡಿ. ಮದುವೆಯಾಗಿ ಒಂಬತ್ತು ವರ್ಷ ಆಯ್ತಂತೆ, ಮಕ್ಕಳಿಲ್ಲ. ಅತ್ತೆ ತನ್ನ ಮಗನಿಗೆ ಇನ್ನೊಂದು ಹೆಣ್ಣು ಗೊತ್ತು ಮಾಡವ್ಳೆ. ಈ ಹಿಟ್ಟು ಮುಗಿಯೋವರ್ಗೂ ತಡೀರಿ ಅಂತ ಕಾಲು ಹಿಡ್ಕೊಂಡು ಮೂರು ಡಬ್ಬ ತಗೊಂಡು ಹೋಗವ್ಳೆ."

ಭಾವನ ಕೈಯಲ್ಲಿದ್ದ ಬ್ಲೇಡು ಅಲ್ಲೇ ನಿಂತಿತು.

ಗುಬ್ಬಿಗೆ ಬಂದ ಮೇಲೆ ಭಾವ ಸರಿಯಾಗಿ ಊಟ ಮಾಡಲಿಲ್ಲ. ಹೇಳಿದರೆ ಆ ಹೆಣ್ಣಿನ ಮನೆ ಹೋಯಿತು. ಹೇಳದಿದ್ದರೆ ತಾವು ಸುಳ್ಳಿನ ಹಿಟ್ಟು ಮಾರಿದಂತಾಯಿತು, ಅದೂ ಇಡೀ ಜಿಲ್ಲೆಯಲ್ಲಿ ಅದನ್ನು ನೆಚ್ಚಿಕೊಂಡೇ ಬದುಕಿದ್ದ ಒಬ್ಬಳಿಗೆ. "ಅವಳೊಬ್ಬಳಿಗೆ ಹೇಳ್ಬೇಡಿ" ಎಂದು ಅಕ್ಕನೂ ಹೇಳಿದಳು. ನೇರವಾಗಿ ಹೋಗಿ ಹೇಳುವ ಧೈರ್ಯ ಸಾಲದೆ ಭಾವ ಒಂದು ಅಡ್ಡದಾರಿ ಹಿಡಿದರು. ಟೆಂಟು ಸಿನಿಮಾದಲ್ಲಿ ಸ್ಲೈಡು ಹಾಕಿಸಿದರು! ಗುಬ್ಬಿಯಲ್ಲಿ ಒಂದು, ಕುಣಿಗಲ್ಲಿನಲ್ಲಿ ಒಂದು. ಹೇಗೋ ಸುದ್ದಿ ತಾನಾಗಿ ಹುತ್ರಿದುರ್ಗಕ್ಕೆ ನಡೆದುಕೊಂಡು ಹೋಗಲಿ ಎಂದು.

ಈ ಸಲ ಕರಡನ್ನು ನಾಲ್ಕು ಬಾರಿ ತಿದ್ದಿದೆ. ಊಟ ಮಾಡದೆ ತಿದ್ದಿದೆ. ಒಂದು ಸೊನ್ನೆಯೂ ಆಚೀಚೆ ಇಲ್ಲ: 'ಗ್ರಾಹಕರ ಗಮನಕ್ಕೆ. ನಮ್ಮ ಪುಷ್ಟಿಹಿಟ್ಟು ತಿಂದರೆ ಮಕ್ಕಳಾಗುವುದಿಲ್ಲ.'

ಕಾಗುಣಿತ ಸರಿ, ವ್ಯಾಕರಣ ಸರಿ. ಅರ್ಥ? ಆಗ ಸರ್ಕಾರದವರು ಕಂಡ ಗೋಡೆಗೆಲ್ಲ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆಸುತ್ತಿದ್ದ ಕಾಲ. ಪರದೆಯ ಮೇಲೆ ಮೊದಲು ಸರ್ಕಾರದ ಸ್ಲೈಡು ಬಂತು: ಎರಡೇ ಮಕ್ಕಳು ಸಾಕು, ಅದಕ್ಕೇನು ಮಾಡಬೇಕೆಂದು ಆಸ್ಪತ್ರೆಯಲ್ಲಿ ಕೇಳಿ. ಅದರ ಬೆನ್ನಿಗೇ ನಮ್ಮದು ಬಂತು. ಆಸ್ಪತ್ರೆಗೆ ಹೋಗುವ ಶ್ರಮವನ್ನೇ ನಾವು ತಪ್ಪಿಸಿದ್ದೆವು!

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಐದು ಮಕ್ಕಳ ತಾಯಿಯೊಬ್ಬಳು, ಕಂಕುಳಲ್ಲಿ ಒಂದು, ಸೀರೆ ಹಿಡಿದು ನಾಲ್ಕು, ಕಾದು ನಿಂತಿದ್ದಳು.

"ಬುದ್ಧೀ, ಸಾಕಾಗ್ ಹೋಗೈತೆ. ಎರಡು ಡಬ್ಬ ಕೊಡಿ. ನಾನು ತಿನ್ಬೇಕಾ, ನಮ್ಮೆಜಮಾನ್ರು ತಿನ್ಬೇಕಾ?"

ಭಾವ ಅಲ್ಲೇ ಜಗುಲಿಯ ಮೇಲೆ ಕೂತು ಕೈಮುಗಿದರು. "ತಾಯೀ, ಇದು ಹಿಟ್ಟು. ಬರೀ ಹಿಟ್ಟು. ಇದರಿಂದ ಮಕ್ಕಳು ಬರೋದೂ ಇಲ್ಲ, ನಿಲ್ಲೋದೂ ಇಲ್ಲ. ಹಸಿವು ನಿಲ್ಲುತ್ತೆ, ಅಷ್ಟೇ!"

"ಅಂಗಾರೆ ಈ ಐದಕ್ಕೇ ಕೊಡಿ" ಎಂದಳು ಆಕೆ. ನಮ್ಮ ಹಿಟ್ಟನ್ನು ಹಿಟ್ಟೆಂದು ತಿಳಿದು ತೆಗೆದುಕೊಂಡ ಮೊದಲ ಗಿರಾಕಿ ಅವಳೇ ಇರಬೇಕು. ಭಾವ ಎರಡು ಡಬ್ಬಗಳನ್ನು ದುಡ್ಡು ತೆಗೆದುಕೊಳ್ಳದೆ ಅವಳ ಕೈಯಲ್ಲಿಟ್ಟು, ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು.

"ನಡಿ ಪಂಡಿತ. ಬರೆದು ತಿಳಿಸೋದು ನಮ್ಮ ಕೈಲಿ ಆಗೋ ಕೆಲಸ ಅಲ್ಲ. ಬಾಯಲ್ಲೇ ಹೇಳಿ ಬರೋಣ."

ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ ಆ ಮನೆ. ಅತ್ತೆ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಗ ನೇಗಿಲಿಗೆ ಏನೋ ರಿಪೇರಿ ಮಾಡುತ್ತಿದ್ದ. ನಾವು ಯಾರೆಂದು ತಿಳಿಯುತ್ತಲೇ ಸೊಸೆ ನೀರು ತಂದಿಟ್ಟು ಬಾಗಿಲ ಹಿಂದೆ ನಿಂತಳು. ಮೂವತ್ತು ದಾಟಿರದ ಹುಡುಗಿ. ಅವಳ ಕಣ್ಣಲ್ಲಿ ನಾವು ದೇವರ ಮನೆಯಿಂದ ಇಳಿದು ಬಂದವರಂತಿದ್ದೆವು. ನನಗೆ ಎದ್ದು ಓಡಿಹೋಗಬೇಕೆನಿಸಿತು.

ಭಾವ ನೀರು ಮುಟ್ಟಲಿಲ್ಲ. "ತಾಯಿ, ಡಬ್ಬದ ಮೇಲೆ ತಪ್ಪು ಅಚ್ಚಾಗಿದೆ. ತಪ್ಪು ನಮ್ಮದು. ಆ ಹಿಟ್ಟು ಮೈಗೆ ಒಳ್ಳೇದು. ಆದ್ರೆ ಅದರಿಂದ ಮಕ್ಕಳಾಗಲ್ಲ."

ಬಾಗಿಲ ಹಿಂದೆ ಸೊಸೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಅತ್ತೆ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಕೇಳಿದ್ಯೇನ್ಲಾ ಮಗಾ? ಹಿಟ್ಟಿಂದ್ಲೂ ಆಗಕಿಲ್ಲ, ಈ ಬಂಜೆಯಿಂದ್ಲೂ ಆಗಕಿಲ್ಲ. ಇನ್ನೇನು ಕಾಯೋದು? ಆ ಹೆಣ್ಣಿನೋರಿಗೆ ಏಳ್ ಕಳ್ಸು."

"ಬಂಜೆ ಅಂತ ಯಾರು ಪರೀಕ್ಷೆ ಮಾಡಿದ್ರು?" ಎಂದರು ಭಾವ.

"ಪರೀಕ್ಸೆ ಯಾಕೆ? ಒಂಬತ್ತು ವರ್ಸ ಆಯ್ತು. ಊರಿಗೇ ಗೊತ್ತು."

"ನಾನು ಒಂದು ಸೊನ್ನೆ ತಪ್ಪಾಗಿದ್ದಕ್ಕೆ ಬ್ಲೇಡು ಹಿಡ್ಕೊಂಡು ಊರೂರು ಅಲೀತಾ ಇದೀನಿ ತಾಯಿ. ನೀವು ಒಳಗೇನಿದೆ ಅಂತ ನೋಡದೇನೇ ಈ ಹೆಣ್ಣುಮಗಳ ಹಣೆಗೆ ಚೀಟಿ ಅಂಟಿಸ್ಬಿಟ್ಟಿದೀರಿ. ಪರೀಕ್ಷೆ ಮಾಡಿಸಿ. ಮಾಡಿಸೋದಾದ್ರೆ ಇಬ್ಬರಿಗೂ ಮಾಡಿಸಿ. ದೋಷ ಗಂಡಸಿನಲ್ಲೂ ಇರತ್ತೆ."

ಮುದುಕಿ ನಕ್ಕೇಬಿಟ್ಟಳು. "ಗಂಡಸಲ್ಲಾ? ಎಲ್ಲಾರಾ ಉಂಟಾ ಬುಡಿ! ಅದಿರ್ಲಿ, ನಿಮಗೆಷ್ಟು ಮಕ್ಳು?"

ನಾನು ನೆಲ ನೋಡಿದೆ. ಅಕ್ಕನಿಗೆ ಮಕ್ಕಳಿಲ್ಲ ಎಂಬುದು ನಮ್ಮ ಮನೆಯಲ್ಲಿ ಯಾರೂ ಎತ್ತದ ಮಾತು. ಎತ್ತುತ್ತಿರಲಿಲ್ಲ ಅಷ್ಟೇ. ಅವಳಲ್ಲೇ ಏನೋ ಕೊರತೆ ಇರಬೇಕೆಂದು ನಾವೆಲ್ಲ ಒಳಗೊಳಗೇ ತಿಳಿದಿದ್ದೆವು, ನಮ್ಮ ತಾಯಿಯೂ ಸೇರಿ.

"ಇಲ್ಲ. ಒಂದೂ ಇಲ್ಲ" ಎಂದರು ಭಾವ. "ದೋಷ ನನ್ನದು. ಬೆಂಗಳೂರಿಗೆ ಹೋಗಿ ಪರೀಕ್ಷೆ ಮಾಡಿಸ್ಕೊಂಡಿದೀನಿ. ನಮ್ಮ ಮನೆಯವಳದ್ದೇನೂ ಇಲ್ಲ."

ಈ ತಿಂಗಳು ಕಡಲೆಕಾಯಿ ಬೀಜ ಕಡಿಮೆ ಎಂದು ಗಿರಾಕಿಗೆ ಹೇಳುತ್ತಿದ್ದರಲ್ಲ, ಅದೇ ಧಾಟಿ. ಗಂಡಸೊಬ್ಬ ಹಾಡಹಗಲು, ಪರರ ಜಗುಲಿಯ ಮೇಲೆ, ಕೇಳದವರಿಗೂ ಕೇಳುವಂತೆ ಈ ಮಾತು ಆಡಿದ್ದನ್ನು ಆ ಊರು ಅದುವರೆಗೆ ಕಂಡಿರಲಿಕ್ಕಿಲ್ಲ. ಮುದುಕಿ ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ಮಗ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು, ನಮ್ಮ ಕಡೆ ನೋಡದೆ ಹೇಳಿದ: "ತುಮಕೂರಲ್ಲಿ ಡಾಕ್ಟ್ರು ಅವ್ರಾ? ನಾನೂ ಬತ್ತೀನಿ. ಇಬ್ರೂ ಬತ್ತೀವಿ."

ಆ ಸೊಸೆ ಒಳಗಿನಿಂದ ಉಳಿದ ಒಂದು ಡಬ್ಬವನ್ನು ತಂದು ಭಾವನ ಮುಂದಿಟ್ಟಳು. ಭಾವ ಬ್ಲೇಡು ತೆಗೆದು ಸೊನ್ನೆ ಕೆರೆದು ಅವಳ ಕೈಗೇ ವಾಪಸು ಕೊಟ್ಟರು. "ಇಟ್ಕೊಳಮ್ಮಾ. ಹಿಟ್ಟು ಒಳ್ಳೇದು. ಬೆಲ್ಲ ಹಾಕ್ಕೊಂಡು ತಿನ್ನು."

ಅವರಿಬ್ಬರನ್ನೂ ತುಮಕೂರಿನ ಡಾಕ್ಟರ ಹತ್ತಿರ ನಾನೇ ಕರೆದೊಯ್ದೆ. ಪರೀಕ್ಷೆಯಲ್ಲಿ ಏನು ಬಂತೆಂದು ನಾನು ಕೇಳಲಿಲ್ಲ. ಎರಡನೆಯ ಹೆಣ್ಣಿನ ಮಾತು ನಿಂತಿತು ಎಂದು ಮಾತ್ರ ಕುಣಿಗಲ್ಲಿನ ಅಂಗಡಿಯವರಿಂದ ತಿಳಿಯಿತು.

ಆಮೇಲೊಂದು ಭಾನುವಾರ ಗುಬ್ಬಿಗೆ ಹೋದಾಗ ಭಾವ ಮಿಷನ್ನಿನಲ್ಲಿದ್ದರು. ಅಕ್ಕ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಹುತ್ರಿದುರ್ಗದಲ್ಲಿ ನಡೆದದ್ದನ್ನು ಭಾವ ಹೇಳಿರಲಿಲ್ಲ. ನಾನು ಹೇಳಿದೆ. ಹೇಳಿ, "ಇಷ್ಟು ವರ್ಷ ನಾವೆಲ್ಲ ನಿನ್ನ ಬಗ್ಗೆ ತಪ್ಪು ತಿಳಿದಿದ್ದೆವು ಅಕ್ಕ" ಎಂದೆ.

ಅಕ್ಕ ಹಿಟ್ಟಿನ ಕೈಯನ್ನು ಹಾಗೇ ತಡೆದಳು.

"ಬೆಂಗಳೂರಿಗೆ ಇಬ್ಬರೂ ಹೋಗಿದ್ವಿ ಕಣೋ. ಇಬ್ಬರಿಗೂ ಪರೀಕ್ಷೆ ಆಯ್ತು. ಎರಡು ಚೀಟಿ ಕೊಟ್ರು. ಇವರೇ ಕಿಟಕಿ ಹತ್ರ ನಿಂತು ಎರಡನ್ನೂ ಓದಿದ್ರು. ಮಡಿಚಿ ಜೇಬಿಗೆ ಹಾಕ್ಕೊಂಡು ಬಂದು 'ನನ್ನದೇ ಕಣೇ' ಅಂದ್ರು. ಬಸ್ ಸ್ಟ್ಯಾಂಡಿಗೆ ಬರೋ ಅಷ್ಟರಲ್ಲಿ ಜೇಬಲ್ಲಿ ಚೀಟಿ ಇರಲಿಲ್ಲ."

"ನೀನು ಕೇಳಲಿಲ್ವಾ?"

ಅವಳು ರೊಟ್ಟಿಯನ್ನು ಕಾವಲಿಗೆ ಹಾಕಿ, ಮೇಲೆ ನೀರು ಸವರಿದಳು.

"ಸುಳ್ಳು ಹೇಳೋಕೆ ಬರಲ್ಲ ಅವರಿಗೆ. ಹೇಳಿದ್ರೆ ಮುಖದಲ್ಲೇ ಗೊತ್ತಾಗ್ಬಿಡುತ್ತೆ" ಎಂದಳು. "ಅದಕ್ಕೇ ಆವತ್ತು ಗುಬ್ಬಿ ಬರೋವರೆಗೂ ನಾನು ಅವರ ಮುಖ ನೋಡ್ಲಿಲ್ಲ."